ಎರಡೂವರೆ ಗಂಟೆ ತಡ

ಆ ಊರಿನ ಒಂಬತ್ತು ಬೀದಿಗಳಲ್ಲಿ ಅವಳಿಗೆ ಮೀಟರಮ್ಮ ಎಂದೇ ಹೆಸರು. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ತಿಂಗಳಿಗೊಮ್ಮೆ ಮನೆಮನೆಗೂ ಹೋಗುವುದು, ಮೆಟ್ಟಿಲ ಕೆಳಗೋ ಗೇಟಿನ ಪಕ್ಕದಲ್ಲೋ ಇರುವ ಕಬ್ಬಿಣದ ಮುಚ್ಚಳ ಎತ್ತುವುದು, ಮಂಡಿಯೂರಿ ಟಾರ್ಚ್ ಬಿಟ್ಟು ಅಂಕಿ ಓದುವುದು, ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಮನೆಗೆ ನಡೆಯುವುದು. ಮುಚ್ಚಳದ ಕೆಳಗೆ ಜಿರಲೆಗಳು ಸಂಸಾರ ಹೂಡಿರುತ್ತಿದ್ದವು. ಒಮ್ಮೊಮ್ಮೆ ಇಲಿ ಸತ್ತು ಬಿದ್ದಿರುತ್ತಿತ್ತು. ಮೂಗು ಮುಚ್ಚಿಕೊಂಡು, ಓದಬೇಕಾದದ್ದನ್ನು ಓದಿ, ಸೊಂಟ ಹಿಡಿದುಕೊಂಡು ಎದ್ದು ಬರುತ್ತಿದ್ದಳು. ಹೊಲಸು ಎಂದರೆ ಆಗ ಅವಳಿಗೆ ಅಷ್ಟೇ ಗೊತ್ತಿದ್ದದ್ದು.

ಅವಳು ಬರೆದ ಏಳು ಏಳಾಗಿಯೇ, ಒಂದು ಒಂದಾಗಿಯೇ ಕಾಣುತ್ತಿತ್ತು. ಹಾಗಾಗಿ ಚುನಾವಣೆ ಬಂದಾಗಲೆಲ್ಲ ಮತ ಎಣಿಕೆಗೆ ಆ ಕಚೇರಿಯಿಂದ ಮೊದಲು ಹೋಗುವ ಹೆಸರು ಅವಳದೇ. ಅವಳಿಗೂ ಅದು ಇಷ್ಟದ ಕೆಲಸ. ವರ್ಷವಿಡೀ ಬಗ್ಗಿ ಬಗ್ಗಿ ಬರೆಯುವವಳಿಗೆ ಒಂದು ದಿನ ಮೇಜು, ಕುರ್ಚಿ, ಕೊರಳಿಗೆ ಗುರುತಿನ ಚೀಟಿ. ಐದು ಚುನಾವಣೆಗಳಲ್ಲಿ ಎಣಿಸಿದ್ದಳು, ಒಂದು ಸಲವೂ ಲೆಕ್ಕ ತಪ್ಪಿರಲಿಲ್ಲ.

ಮನೆಯಲ್ಲಿ ಮೂರೇ ಜನ. ಅವಳು, ಶಾಲಾ ಬಸ್ಸು ಓಡಿಸುವ ಗಂಡ, ಎಂಬತ್ತೊಂದು ದಾಟಿದ ಅತ್ತೆ. ಅತ್ತೆ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿನವರ ಕರೆಗಳನ್ನೆಲ್ಲ ಜೋಡಿಸುತ್ತಿದ್ದವರು. ಕಣ್ಣು ಮಂಜಾಗಿದ್ದರೂ ಕಿವಿ ಇನ್ನೂ ಚುರುಕು. ಮೊಬೈಲ್ ಅವರಿಗೆ ಸೇರದು. ಅವರಿಗೋಸ್ಕರವೇ ಆ ಮನೆಯಲ್ಲಿ ಹಳೆಯ ಫೋನು ಉಳಿದುಕೊಂಡಿತ್ತು. ಅದು ಎರಡನೇ ಸಲ ಬಡಿದುಕೊಳ್ಳುವ ಮೊದಲೇ ಎತ್ತಿ, "ಹೇಳಿ, ಯಾರು ಬೇಕಾಗಿತ್ತು?" ಎನ್ನುತ್ತಿದ್ದರು, ಇವತ್ತೂ ಡ್ಯೂಟಿಯ ಮೇಲೇ ಇದ್ದವರ ಹಾಗೆ.

ಆ ಸಲದ ಎಣಿಕೆ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು. ಬ್ಯಾಸ್ಕೆಟ್‌ಬಾಲಿನ ಗೆರೆಗಳ ಮೇಲೆ ಹನ್ನೆರಡು ಮೇಜು ಜೋಡಿಸಿದ್ದರು. ಮೀಟರಮ್ಮನದು ಏಳನೆಯದು. ಮತಪತ್ರಗಳನ್ನು ಐವತ್ತೈವತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ ಇಡಬೇಕು. ಮೇಜಿನ ಎರಡು ಬದಿಗೆ ಎರಡು ಕಡೆಯ ಏಜೆಂಟರು ಕಣ್ಣು ಮಿಟುಕಿಸದೆ ನೋಡುತ್ತಿರುತ್ತಾರೆ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಪಟ್ಟೆಂದು ಹರಿದು ಪತ್ರಗಳು ಮೇಜಿನ ಕೆಳಗೆ ಚೆಲ್ಲಿದವು. ಅವಳು ಮಂಡಿಯೂರಿ ಕೂತಳು. ಏಜೆಂಟರಿಬ್ಬರೂ ಕೂತರು. ಮೂವರೂ ಸೇರಿ ಆಯ್ದು, ಮೇಲಿಟ್ಟು, ಇಬ್ಬರ ಎದುರಿಗೂ ಮತ್ತೆ ಎಣಿಸಿದರು. ಐವತ್ತಕ್ಕೆ ಐವತ್ತು ಇತ್ತು. ಇಬ್ಬರೂ ಕಾಗದದ ಮೇಲೆ ಸಹಿ ಹಾಕಿದರು. ಎಲ್ಲ ಸೇರಿ ಎರಡು ನಿಮಿಷದ ಮಾತು. ಮೇಲಿನ ಗ್ಯಾಲರಿಯಲ್ಲಿ ಜನ ಮೊಬೈಲ್ ಹಿಡಿದು ನಿಂತಿದ್ದರು. ಅವಳು ಅತ್ತ ತಲೆಯೆತ್ತಿಯೂ ನೋಡಲಿಲ್ಲ.

ಗೆದ್ದವನು ಅರವತ್ತೊಂದು ಮತದಿಂದ ಗೆದ್ದ. ಸೋತವನು ಮರು ಎಣಿಕೆ ಕೇಳಿದ. ಅಂದೇ ಎಣಿಸಿದರು, ಮತ್ತೆ ಅರವತ್ತೊಂದೇ. ಸಂಜೆ ನಾಲ್ಕು ನಲವತ್ತಕ್ಕೆ ಮೀಟರಮ್ಮ ರಿಜಿಸ್ಟರಿನಲ್ಲಿ ಸಹಿ ಮಾಡಿ, ಗುರುತಿನ ಚೀಟಿ ಹಿಂದಿರುಗಿಸಿ, ಬಸ್ಸು ಹಿಡಿದು ಮನೆಗೆ ಬಂದಳು.

ಏಳೂ ಹತ್ತಕ್ಕೆ ಫೋನು ಬಡಿದುಕೊಂಡಿತು. ಎಂದಿನಂತೆ ಅತ್ತೆ ಎತ್ತಿದರು. ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಂಡು, ಮೆಲ್ಲಗೆ ಇಟ್ಟು, ಸೊಸೆಯ ಕಡೆ ತಿರುಗಿದರು.

"ಇವತ್ತು ಅಲ್ಲಿ ಯಾರಿಗಾದ್ರೂ ಏನಾದ್ರೂ ಅಂದ್ಯಾ?"

"ಇಲ್ಲವಲ್ಲ ಅತ್ತೆ. ಯಾಕೆ?"

"ಯಾರೋ ನಿನ್ನ ಕೈ ಮುರೀತೀನಿ ಅಂದ. ಇನ್ನೂ ಏನೇನೋ ಅಂದ. ನಂಬರ್ ತಪ್ಪಿರಬೇಕು ಅಂದ್ಕೊಂಡೆ. ಆದ್ರೆ ನಿನ್ನ ಹೆಸರೇ ಹೇಳ್ದ."

ಗಂಡ ಮೊಬೈಲ್ ತೆಗೆದು ನೋಡಿದ. ಅಷ್ಟರಲ್ಲಾಗಲೇ ಬಸ್ ಚಾಲಕರ ಗುಂಪಿನಲ್ಲಿ ಮೂವರು ಅದನ್ನು ಕಳಿಸಿದ್ದರು. ಹನ್ನೊಂದು ಸೆಕೆಂಡಿನ ವಿಡಿಯೋ. ಏಜೆಂಟರು ಕಾಣದ ಹಾಗೆ ಕತ್ತರಿಸಿತ್ತು. ಮೇಜಿನ ಕೆಳಗಿನಿಂದ ಒಂದು ಹೆಂಗಸಿನ ಕೈ ಮೇಲೆ ಬರುತ್ತದೆ, ಕೈಯಲ್ಲಿ ಒಂದು ಹಿಡಿ ಮತಪತ್ರ, ಆಮೇಲೆ ಅವಳ ಮುಖ. ಸೋತ ಅಭ್ಯರ್ಥಿ ತನ್ನ ಪುಟದಲ್ಲಿ ಅದನ್ನು ಹಾಕಿ ಮೇಲೆ ಒಂದೇ ಮಾತು ಬರೆದಿದ್ದ: "ಇದೇನು?" ಮಿಕ್ಕದ್ದನ್ನು ಊರೇ ಬರೆದಿತ್ತು.

ಮಾರನೆಯ ದಿನ ಮಧ್ಯಾಹ್ನದೊಳಗೆ ಮೂವತ್ತೆಂಟು ಕರೆ ಬಂದವು. ಬೈಗುಳ ಎಂಬ ಪದ ಅವಕ್ಕೆ ಸಾಲದು. ಅವಳ ಒಂದೊಂದೇ ಅಂಗ ಹಿಡಿದು, ಅದನ್ನು ಏನು ಮಾಡುತ್ತೇವೆ ಎಂದು ಹೇಳುತ್ತಿದ್ದರು. ಗಂಡಸರು, ಹೆಂಗಸರು, ಒಬ್ಬ ಮುದುಕ. ಹಿಂದುಗಡೆ ಟೀವಿ ಸದ್ದು, ಕುಕ್ಕರ್ ಕೂಗುವ ಸದ್ದು, ಮಗು ಅಳುವ ಸದ್ದು ಕೇಳಿಸುತ್ತಿತ್ತು. ಒಬ್ಬ ಹೆಂಗಸು ನಡುವೆ ತಡೆದು, "ಒಂದ್ನಿಮಿಷ, ಒಲೆ ಮೇಲೆ ಹಾಲಿದೆ" ಎಂದು ಹೋಗಿ, ಒಲೆ ಆರಿಸಿ ಬಂದು, ಬಿಟ್ಟಲ್ಲಿಂದ ಮುಂದುವರಿಸಿದಳಂತೆ.

ಗಂಡ ಉರಿದೆದ್ದ. "ಆ ವೈರ್ ಕಿತ್ತು ಬಿಸಾಕ್ತೀನಿ."

"ಮುಟ್ಟಬೇಡ," ಎಂದರು ಅತ್ತೆ. "ಕಿತ್ತು ಬಿಟ್ರೆ ಅವರು ಅಂದದ್ದೆಲ್ಲ ಗಾಳಿಗೆ ಹೋಗುತ್ತೆ. ನನಗೊಂದು ನೋಟ್‌ಬುಕ್ ತಂದುಕೊಡು. ದಪ್ಪ ಪೆನ್ನೂ ತಾ, ಸಣ್ಣದು ನನಗೆ ಕಾಣಲ್ಲ."

ಅಂದಿನಿಂದ ಅವರು ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಒಂದು ಪುಟಕ್ಕೆ ಒಂದೇ ಕರೆ. ಬಂದ ಹೊತ್ತು, ಮುಗಿದ ಹೊತ್ತು, ಗಂಡೋ ಹೆಣ್ಣೋ, ಅಂದಾಜು ವಯಸ್ಸು, ದನಿಯ ಗುರುತು, ಹೇಳಿದ್ದು. ಹೇಳಿದ್ದು ಎಂಬುದರ ಕೆಳಗೆ ಒಂದಕ್ಷರವನ್ನೂ ನುಂಗದೆ ಬರೆಯುತ್ತಿದ್ದರು. ನಡುವೆ ಯಾರಾದರೂ ತೊದಲಿದರೆ, "ಏನಂದ್ರಿ? ಇನ್ನೊಂದು ಸಲ ಹೇಳಿ, ಸರಿಯಾಗಿ ಕೇಳಿಸ್ಲಿಲ್ಲ" ಎಂದು ಕೇಳುತ್ತಿದ್ದರು. ಕೆಲವರು ಆಗ ತಬ್ಬಿಬ್ಬಾಗಿ ಫೋನಿಡುತ್ತಿದ್ದರು. ಬಹಳ ಮಂದಿ ಇನ್ನೊಂದು ಸಲವೂ ಹೇಳುತ್ತಿದ್ದರು.

ಎರಡು ದಿನ ರಜೆ ಹಾಕಿದ ಮೀಟರಮ್ಮ ಮೂರನೇ ದಿನ ಕೆಲಸಕ್ಕೆ ಹೊರಟಳು. ಮನೆಯಲ್ಲಿ ಕೂತರೆ ಒಪ್ಪಿಕೊಂಡ ಹಾಗಾಗುತ್ತದೆ ಎಂದಳು. ಮೂರನೇ ಬೀದಿಯಲ್ಲಿ ಹಸಿರು ಗೇಟಿನ ಮನೆ. ಹಿಂದಿನ ವರ್ಷ ಆ ಮನೆಯ ನೆಲದಡಿ ಪೈಪು ಸೋರುತ್ತಿದ್ದುದನ್ನು ಅಂಕಿ ನೋಡಿಯೇ ಕಂಡುಹಿಡಿದು ಹೇಳಿದವಳು ಇವಳು. ಆ ಮನೆಯಾಕೆ ಗ್ರಿಲ್ಲಿನ ಹಿಂದೆಯೇ ನಿಂತಳು. ಬೀಗ ತೆಗೆಯಲಿಲ್ಲ.

"ಒಳಗೆ ಯಾಕೆ ಬರ್ತೀಯ? ಅಲ್ಲೇ ನಿಂತು ಏನೋ ಒಂದು ಬರ್ಕೋ. ಬರ್ಕೊಳ್ಳೋದು ನಿನಗೆ ಹೇಳ್ಕೊಡ್ಬೇಕಾ?"

ಎದುರು ಮನೆಯವರು ನಕ್ಕರು. ಮೀಟರಮ್ಮ ಪುಸ್ತಕದಲ್ಲಿ "ಬಾಗಿಲು ತೆಗೆಯಲಿಲ್ಲ" ಎಂದು ಬರೆದುಕೊಂಡು ಮುಂದೆ ನಡೆದಳು.

ಐದನೇ ಬೀದಿಯ ಒಂದು ಮನೆಯಲ್ಲಿ ಗೇಟು ಹಾರುಹೊಡೆದಿತ್ತು. ಯಾರೂ ಕಾಣಲಿಲ್ಲ. ಮುಚ್ಚಳ ಎತ್ತಿ ಟಾರ್ಚ್ ಬಿಡುವ ಮೊದಲೇ ನಾತ ಹೊಡೆಯಿತು. ಇಲಿಯ ನಾತವಲ್ಲ. ಮೀಟರಿನ ಗಾಜಿಗೆ ಯಾರೋ ಮನುಷ್ಯರ ಮಲ ಮೆತ್ತಿದ್ದರು. ಇನ್ನೂ ಹಸಿಯಾಗಿತ್ತು. ಅದರ ಮೇಲೆ ಒಂದು ಕಡ್ಡಿ ನೆಟ್ಟು, ಕಡ್ಡಿಗೆ ಒಂದು ಚೀಟಿ ಸಿಕ್ಕಿಸಿದ್ದರು. ಚೀಟಿಯಲ್ಲಿ ಒಂದೇ ಪದ: "ಎಣಿಸು."

ಕಿಟಕಿಯ ಪರದೆ ಅಲುಗಿತು. ಅದರ ಸಂದಿಯಲ್ಲಿ ಮೊಬೈಲಿನ ಮೂಲೆ ಕಂಡಿತು. ಒಳಗಿನಿಂದ ಕಿಸಕ್ಕನೆ ನಗು, ಅದರ ಹಿಂದೆಯೇ "ಶ್!" ಎಂದು ಯಾರೋ ಅಡಗಿಸಿದ ಸದ್ದು. ಯಾರೋ ಇದಕ್ಕೋಸ್ಕರ ಬೆಳಿಗ್ಗೆ ಎದ್ದು, ಯೋಚಿಸಿ, ಕಡ್ಡಿ ಹುಡುಕಿ, ಅಕ್ಷರ ಬರೆದು, ಮನೆಮಂದಿಯನ್ನು ಕರೆದು ಕಿಟಕಿಯಲ್ಲಿ ಕೂತಿದ್ದಾರೆ. ಅದು ತಲೆಗೆ ಬಂದಾಗ ನಾತಕ್ಕಿಂತ ಅದೇ ತಡೆಯಲಾರದಂತಾಯಿತು. ಅವಳು ಚೀಲದಿಂದ ಹಳೆಯ ವೃತ್ತಪತ್ರಿಕೆ ತೆಗೆದು ಗಾಜು ಒರೆಸಿ, ಅಂಕಿ ಓದಿ, ಬರೆದುಕೊಂಡಳು. ಆ ತಿಂಗಳು ಆ ಮನೆಯ ಅಂಕಿ ಸರಿಯಾಗಿಯೇ ಕಚೇರಿ ತಲುಪಿತು.

ಪಕ್ಕದ ಮನೆ ಒಬ್ಬ ವಕೀಲೆಯದು. ಆಕೆ ಬಾಗಿಲಲ್ಲೇ ಇವಳ ಮುಖ ನೋಡಿ, ಏನೂ ಕೇಳದೆ ಒಳಗೆ ಕರೆದು ನಲ್ಲಿ ಬಿಟ್ಟರು. ಮೀಟರಮ್ಮ ಮೂರು ಸಲ ಸೋಪು ಹಚ್ಚಿ ಕೈ ತೊಳೆದಳು. ನಾಲ್ಕನೇ ಸಲ ಹಚ್ಚಲು ಹೋದಾಗ ವಕೀಲೆ ಕೈ ಹಿಡಿದರು.

"ಸಾಕು, ಚರ್ಮ ಕಿತ್ತು ಬರುತ್ತೆ. ಕೂತ್ಕೊಳ್ಳಿ. ದೂರು ಕೊಟ್ಟಿದ್ದೀರಾ?"

"ಯಾರ ಮೇಲೆ ಅಂತ ಕೊಡ್ಲಿ ಮೇಡಂ? ಊರ ಮೇಲಾ?"

"ಕಾನೂನಿದೆ. ಚುನಾವಣೆ ಕೆಲಸದವರನ್ನ ಹೆದರಿಸಿದ್ರೆ, ಪೀಡಿಸಿದ್ರೆ ಜೈಲಿದೆ. ಆ ಕಾಯ್ದೆ ಬಂದು ನಾಲ್ಕು ವರ್ಷ ಆಯ್ತು. ನಾಳೆನೇ ಠಾಣೆಗೆ ಹೋಗಿ."

ಠಾಣೆಯಲ್ಲಿ ದೂರು ಬರೆದುಕೊಳ್ಳುವವನು ಮೇಜಿನ ಮೇಲೆ ಬನ್ ಇಟ್ಟುಕೊಂಡು ತಿನ್ನುತ್ತಿದ್ದ. ಅತ್ತೆಯ ನೋಟ್‌ಬುಕ್ಕನ್ನು ಜಿಡ್ಡುಕೈಯಲ್ಲೇ ತಿರುವಿಹಾಕಿದ. ಒಂದೆರಡು ಪುಟ ಓದಿ ಹುಬ್ಬೇರಿಸಿದ. ಇನ್ನೊಂದು ಪುಟಕ್ಕೆ ಬಂದಾಗ ಪಕ್ಕದವನನ್ನು ಕರೆದು ತೋರಿಸಿದ. ಇಬ್ಬರೂ ತುಟಿ ಕಚ್ಚಿಕೊಂಡರು. ನಗು ತಡೆದದ್ದು ಎಂದು ಅವಳಿಗೆ ಗೊತ್ತಾಯಿತು.

"ನಿಮ್ಮನ್ನ ಡ್ಯೂಟಿಯಿಂದ ಬಿಟ್ಟಿದ್ದು ಎಷ್ಟು ಗಂಟೆಗೆ?" ಎಂದು ಕೇಳಿದ.

"ನಾಲ್ಕು ನಲವತ್ತಕ್ಕೆ."

"ಮೊದಲನೇ ಕರೆ?"

"ಏಳೂ ಹತ್ತಕ್ಕೆ."

ಅವನು ಕಾಯ್ದೆಯ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದ. "ಇಲ್ಲಿ ನೋಡಿ. 'ಚುನಾವಣಾ ಕರ್ತವ್ಯದಲ್ಲಿರುವ ವ್ಯಕ್ತಿ' ಅಂತಿದೆ. ನೀವು ಆಗ ಕರ್ತವ್ಯದಲ್ಲಿ ಇರ್ಲಿಲ್ಲ. ಎರಡೂವರೆ ಗಂಟೆ ತಡ ಆಯ್ತು."

"ಅಂದ್ರೆ ನಾಲ್ಕೂವರೆಗೇ ಬೈದಿದ್ರೆ ತಪ್ಪಾಗ್ತಿತ್ತು?"

"ಹೂಂ, ಆಗ ಈ ಸೆಕ್ಷನ್ ಹಾಕಬಹುದಿತ್ತು."

"ಎಣಿಕೆ ಮುಗಿಯೋ ಮೊದಲೇ ಎಣಿಕೆ ತಪ್ಪು ಅಂತ ಬೈಯೋದು ಹೇಗೆ ಸ್ವಾಮಿ?"

ಅವನು ಬನ್ನಿನ ಕೊನೆಯ ತುಣುಕನ್ನು ಬಾಯಿಗೆ ಹಾಕಿಕೊಂಡ. "ಕಾನೂನು ಬರೆದವನು ನಾನಲ್ವಲ್ಲಮ್ಮ. ಬರೀ ಕಿರಿಕಿರಿ ಅಂತ ಒಂದು ಸಣ್ಣ ದೂರು ಬೇಕಾದ್ರೆ ಬರ್ಕೊಳ್ತೀನಿ."

ಚುನಾವಣಾಧಿಕಾರಿಯ ಬಳಿ ಹೋದಳು. ಎಣಿಕೆಯ ದಿನ, "ನೀವೆಲ್ಲ ಈ ವ್ಯವಸ್ಥೆಯ ಬೆನ್ನೆಲುಬು" ಎಂದು ಮೈಕಿನಲ್ಲಿ ಹೇಳಿದ್ದವರು. ಅವರು ಕುರ್ಚಿಯಲ್ಲಿ ಅತ್ತಿತ್ತ ಸರಿದಾಡಿದರು. "ಎಣಿಕೆ ಸರಿ ಇದೆ ಅಂತ ಪ್ರಕಟಣೆ ಕೊಟ್ಟಿದ್ದೀವಲ್ಲಮ್ಮ. ನಿಮ್ಮ ಹೆಸರು ಹಿಡಿದು ಹೇಳೋಕಾಗಲ್ಲ. ಹೇಳಿದ್ರೆ ನಾವು ಒಂದು ಕಡೆ ವಾಲಿದ ಹಾಗಾಗುತ್ತೆ. ಅಲ್ದೆ, ನೀವೀಗ ವಾಪಸ್ ನೀರಿನ ಕಚೇರಿಯವರು." ನೀರಿನ ಕಚೇರಿಯವರು, ಅದು ಚುನಾವಣೆಯ ವಿಷಯ, ನಮಗೆ ಸಂಬಂಧವಿಲ್ಲ ಎಂದಿದ್ದರು.

ಕೊನೆಗೆ, ಅಂದು ಜೊತೆಗೆ ಮಂಡಿಯೂರಿ ಪತ್ರ ಆಯ್ದಿದ್ದ ಸೋತವನ ಏಜೆಂಟನನ್ನೇ ಹುಡುಕಿಕೊಂಡು ಹೋದಳು. ಅವನು ಸೈಕಲ್ ಅಂಗಡಿ ಇಟ್ಟವನು. ಇವಳನ್ನು ಕಂಡದ್ದೇ ಬೀದಿಯ ಆ ಕಡೆ ಈ ಕಡೆ ನೋಡಿ, ಅಂಗಡಿಯ ಹಿಂದಕ್ಕೆ ಕರೆದ.

"ನಾನು ನೋಡಿದ್ದೀನಿ, ಇಲ್ಲ ಅನ್ನಲ್ಲ. ನೀವೇನೂ ಮಾಡ್ಲಿಲ್ಲ. ಆದ್ರೆ ಈಗ ನಾನು ಬಾಯಿ ಬಿಡೋ ಹಾಗಿಲ್ಲ ಅಕ್ಕ. ನೀವೇ ಅರ್ಥ ಮಾಡ್ಕೋಬೇಕು."

"ಕಾಗದದ ಮೇಲೆ ನಿಮ್ಮ ಸಹಿ ಇದೆ."

"ಇರ್ಲಿ ಬಿಡಿ ಸಹಿ. ಸಹಿ ಯಾರು ನೋಡ್ತಾರೆ? ಎಲ್ರೂ ನೋಡಿದ್ದು ವಿಡಿಯೋ." ಆಮೇಲೆ ದನಿ ತಗ್ಗಿಸಿ, "ಟೀ ತರಿಸ್ಲಾ?" ಎಂದ.

ಅವಳಿಗೆ ಅವನ ಮೇಲೆ ಸಿಟ್ಟು ಕೂಡ ಬರಲಿಲ್ಲ. ಹಳಸಿದ್ದನ್ನು ಬಾಯಿಗಿಟ್ಟುಕೊಂಡ ಹಾಗಾಗಿ, ಉಗುಳಲು ಜಾಗ ಹುಡುಕುವವಳಂತೆ ಬೇಗ ಬೇಗ ನಡೆದುಬಿಟ್ಟಳು.

ಅದಾದ ಎರಡು ವಾರಕ್ಕೆ ಅತ್ತೆಯ ರಕ್ತದೊತ್ತಡದ ಮಾತ್ರೆ ಮುಗಿಯಿತು. ಅತ್ತೆ ತಾವೂ ಬರುತ್ತೇನೆಂದರು. ಕೂತು ಕೂತು ಕಾಲು ಹಿಡಿದುಕೊಂಡಿವೆ, ನಾಲ್ಕು ಹೆಜ್ಜೆ ನಡೆಯಬೇಕು ಎಂದು. ಬೀದಿಯ ತಿರುವಿನಲ್ಲಿರುವ ಔಷಧದಂಗಡಿಯಿಂದ ಎಂಟು ವರ್ಷದಿಂದ ಮಾತ್ರೆ ತರುತ್ತಿದ್ದವಳು ಸೊಸೆಯೇ. ಅತ್ತೆ ಅಲ್ಲಿಗೆ ಬಂದದ್ದು ಅದೇ ಮೊದಲು. ಅಂಗಡಿಯವನು ಅಚ್ಚುಕಟ್ಟಾದ ಮನುಷ್ಯ. ಬಿಳಿ ಅಂಗಿ, ಜೇಬಲ್ಲಿ ಪೆನ್ನು, ಎಲ್ಲರಿಗೂ ನಗುಮುಖ. ಮಾತ್ರೆಯ ಹಾಳೆ ಕತ್ತರಿಸುತ್ತ ಎದುರು ನಿಂತಿದ್ದ ಮೂರು ನಾಲ್ಕು ಗಿರಾಕಿಗಳಿಗೂ ಕೇಳುವಂತೆ ಉಪಚರಿಸಿದ.

"ಅಜ್ಜಿ, ಬೆಳಿಗ್ಗೆ ಒಂದು, ಊಟ ಆದ ಮೇಲೆ ಒಂದು. ತಪ್ಪಿಸಬಾರದು, ಸರೀನಾ? ಮಂಡಿ ನೋವು ಅಂತ ಇವರು ಹೇಳ್ತಿದ್ರು, ಹೇಗಿದೆ ಈಗ?"

ಅವನಿಗೆ "ಸ" ಬಂದಾಗಲೆಲ್ಲ ಹಲ್ಲಿನ ಸಂದಿಯಿಂದ ಸಣ್ಣಗೆ ಸಿಳ್ಳೆಯಂತೆ ಗಾಳಿ ಹೊರಡುತ್ತಿತ್ತು. ಅತ್ತೆ ಕತ್ತು ವಾರೆ ಮಾಡಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಇನ್ನೊಂದು ಸಲ ಹೇಳಪ್ಪ. ಸರಿಯಾಗಿ ಕೇಳಿಸ್ಲಿಲ್ಲ."

"ತಪ್ಪಿಸಬಾರದು ಅಂದೆ ಅಜ್ಜಿ. ಸರೀನಾ?"

ಅತ್ತೆ ಕಣ್ಣು ಬಿಟ್ಟರು. "ಹೋದ ತಿಂಗಳು ಮಂಗಳವಾರ, ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ನಮ್ಮನೆಗೆ ಫೋನ್ ಮಾಡಿದ್ದು ನೀನೇ. ಶುಕ್ರವಾರ ಇನ್ನೊಂದು ಸಲ ಮಾಡ್ದೆ. ನನ್ನ ಸೊಸೇನ ಸಂತೇಲಿ ನಿಲ್ಲಿಸಿ ಏನು ಮಾಡ್ಬೇಕು ಅಂತ ಹೇಳ್ದೆ. 'ಸರೀನಾ' ಅಂತ ಅವತ್ತೂ ಕೇಳ್ದೆ."

ಅವನ ಕತ್ತರಿ ಅರ್ಧಕ್ಕೆ ನಿಂತಿತು. ಮೊದಲು ನಕ್ಕ. ಗಿರಾಕಿಗಳ ಮುಖ ನೋಡಿದ. ಯಾರೂ ಜೊತೆಗೆ ನಗಲಿಲ್ಲ. ಕೆಂಪಾಗುತ್ತ ಹೋದ.

"ಅಯ್ಯೋ, ಅದೇನೋ... ಎಲ್ರೂ ಮಾಡ್ತಿದ್ರಲ್ಲ ಅಜ್ಜಿ. ನಮ್ಮ ಗುಂಪಲ್ಲಿ ನಂಬರ್ ಹಾಕಿದ್ರು. ತಮಾಷೆಗೆ ಅಂತ. ಅದು ಇವರ ನಂಬರ್ರು ಅಂತ ನನಗೇನು ಗೊತ್ತು?" ಮೀಟರಮ್ಮನ ಕಡೆ ತಿರುಗಿದ. "ಮೇಡಂ, ನಿಮ್ಮ ಮೇಲೆ ನನಗೆ ಏನೂ ಇಲ್ಲ. ನೀವು ಎಷ್ಟು ವರ್ಷದ ಗಿರಾಕಿ!"

ನನ್ನ ಹೆಸರು ಹೇಳಿ ಬೈದವನಿಗೆ ಅದು ನನ್ನ ನಂಬರೆಂದು ಗೊತ್ತಿರಲಿಲ್ಲವಂತೆ ಎಂದುಕೊಂಡಳು ಮೀಟರಮ್ಮ. ಎಂಟು ವರ್ಷ ಅವನು ಕೊಟ್ಟ ಪೊಟ್ಟಣ ಬಿಚ್ಚಿ ಅತ್ತೆಯ ಅಂಗೈಗೆ ಮಾತ್ರೆ ಹಾಕಿದ್ದಳು. ಆ ಬೆರಳು, ಆ ಬಾಯಿ. ಅವನು ಅವಸರ ಅವಸರವಾಗಿ ಮಾತ್ರೆಗಳನ್ನು ಲಕೋಟೆಗೆ ತುಂಬಿ ಮುಂದೆ ಚಾಚಿದ. ಅತ್ತೆ ಅದನ್ನು ಒಂದು ಬೆರಳಿನಿಂದ ವಾಪಸು ತಳ್ಳಿದರು.

"ನೀನು ಮುಟ್ಟಿದ್ದು ನನ್ನ ಗಂಟಲಲ್ಲಿ ಇಳಿಯಲ್ಲ. ಬಾಮ್ಮ, ಹೋಗೋಣ."

ವಕೀಲೆ ನೋಟ್‌ಬುಕ್ಕಿನ ಆ ಎರಡು ಪುಟಗಳನ್ನು ಹಿಡಿದು ಠಾಣೆಯವರ ಬೆನ್ನು ಬಿಡಲಿಲ್ಲ. ಆ ಎರಡು ಕರೆಗಳು ಔಷಧದಂಗಡಿಯ ಫೋನಿನಿಂದಲೇ ಬಂದಿದ್ದವೆಂದು ಖಾತ್ರಿಯಾಯಿತು. ಹನ್ನೊಂದು ನಲವತ್ತು ಎಂದರೆ ಹನ್ನೊಂದು ನಲವತ್ತೇ. ಆದರೂ ಹಾಕಲು ಸಿಕ್ಕಿದ್ದು ಕಿರಿಕಿರಿಯ ಸೆಕ್ಷನ್ ಒಂದೇ. ಅವನನ್ನು ಕರೆಸಿ, ಎಚ್ಚರಿಕೆ ಕೊಟ್ಟು, ಒಂದು ಕ್ಷಮಾಪಣೆ ಬರೆಸಿಕೊಂಡು ಕಳಿಸಿದರು. "ನನ್ನ ಮಾತಿನಿಂದ ಯಾರಿಗಾದರೂ ಬೇಸರವಾಗಿದ್ದರೆ" ಎಂದು ಬರೆದಿದ್ದ. ಆಗಿದ್ದರೆ! ಗಂಡ ಅದನ್ನು ಓದಿ ಹರಿಯಲು ಹೋದ. ವಕೀಲೆ ಕಸಿದುಕೊಂಡು ಫೈಲಿಗೆ ಸೇರಿಸಿದರು.

ಆ ವೇಳೆಗೆ ಕಾಯ್ದೆಯನ್ನು ತಿದ್ದಬೇಕೇ ಎಂದು ನೋಡಲು ಶಾಸಕರ ಸಮಿತಿಯೊಂದು ಊರೂರು ಸುತ್ತುತ್ತಿತ್ತು. ವಕೀಲೆ ಅರ್ಜಿ ಹಾಕಿ ಅತ್ತೆ ಸೊಸೆ ಇಬ್ಬರ ಹೆಸರೂ ಬರೆಸಿದರು. ಪುರಸಭೆಯ ಸಭಾಂಗಣದಲ್ಲಿ ಉದ್ದದ ಮೇಜು, ಹಿಂದೆ ಏಳು ಜನ, ಎದುರಿಗೆ ನೀರಿನ ಬಾಟಲಿ. ಬದಿಯಲ್ಲಿ ಎಲ್ಲವನ್ನೂ ಟೈಪು ಮಾಡುವ ಒಬ್ಬ ಹೆಂಗಸು. ಮೀಟರಮ್ಮ ನಡೆದದ್ದನ್ನು ಹೇಳಿದಳು. ರಬ್ಬರ್ ಬ್ಯಾಂಡಿನಿಂದ ಮುಚ್ಚಳದವರೆಗೆ. ಮುಚ್ಚಳದ ವಿಷಯ ಬಂದಾಗ ಒಬ್ಬ ಸದಸ್ಯ ಮುಖ ಸಿಂಡರಿಸಿ ತನ್ನ ಬಿಸ್ಕತ್ತಿನ ತಟ್ಟೆಯನ್ನು ದೂರ ಸರಿಸಿದ.

ಸೋತವನ ಪಕ್ಷದ ಸದಸ್ಯನೊಬ್ಬ ಕೇಳಿದ: "ನಿಮಗೆ ಆದದ್ದು ಕೆಟ್ಟದ್ದೇ. ಆದ್ರೆ ಅಭ್ಯರ್ಥಿ ಏನು ಮಾಡಿದ್ರು? 'ಇದೇನು' ಅಂತ ಒಂದು ಪ್ರಶ್ನೆ ಕೇಳಿದ್ರು. ಪ್ರಶ್ನೆ ಕೇಳೋದು ತಪ್ಪಾ?"

"ಕೇಳ್ಲಿ ಸ್ವಾಮಿ. ಉತ್ತರ ಅವರ ಏಜೆಂಟರ ಹತ್ರಾನೇ ಇತ್ತು, ಸಹಿ ಸಮೇತ. ಅವರನ್ನ ಕೇಳ್ಲಿಲ್ಲ. ಊರನ್ನ ಕೇಳಿದ್ರು."

ಅಧ್ಯಕ್ಷರು ಗಡಿಯಾರ ನೋಡಿ, "ಕರೆಗಳಲ್ಲಿ ಏನಿತ್ತು ಅಂತ ಸಾರಾಂಶ ಹೇಳಿಬಿಡಿ, ಸಾಕು," ಎಂದರು.

ಅತ್ತೆ ಎದ್ದು ನಿಂತರು. ಸೊಸೆಯ ತೋಳು ಹಿಡಿದು ಮೈಕಿನ ಬಳಿಗೆ ಬಂದು, ನೋಟ್‌ಬುಕ್ಕನ್ನು ಕಣ್ಣಿನ ಹತ್ತಿರಕ್ಕೆ ಹಿಡಿದುಕೊಂಡರು.

"ನಾನು ಮೂವತ್ತೊಂದು ವರ್ಷ ಎಕ್ಸ್‌ಚೇಂಜಲ್ಲಿ ಇದ್ದೆ. ಸಾರಾಂಶ ಬರೆಯೋದು ನನಗೆ ಗೊತ್ತಿಲ್ಲ. ಇದ್ದದ್ದನ್ನ ಓದ್ತೀನಿ."

ಓದಲು ಶುರುಮಾಡಿದರು. ರೈಲು ನಿಲ್ದಾಣದಲ್ಲಿ ರೈಲು ಹೊರಡುವ ಹೊತ್ತು ಹೇಳುವವರ ದನಿ. ಏರಿಲ್ಲ, ಇಳಿವಿಲ್ಲ. "ಎಂಟನೇ ತಾರೀಖು. ಬೆಳಿಗ್ಗೆ ಒಂಬತ್ತು ಹನ್ನೆರಡು. ಗಂಡಸು, ಮೂವತ್ತರ ಆಸುಪಾಸು. ಒಂದು ನಿಮಿಷ ಹತ್ತು ಸೆಕೆಂಡು. ಹೇಳಿದ್ದು." ಆಮೇಲೆ ಅವನು ಹೇಳಿದ್ದು, ಹೇಳಿದ ಹಾಗೆಯೇ. ಪದ ಪದವೂ.

ಸಭಾಂಗಣದಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಟೈಪು ಮಾಡುತ್ತಿದ್ದ ಹೆಂಗಸಿನ ಬೆರಳು ನಿಂತವು. ಅತ್ತೆ ತಲೆಯೆತ್ತಿ, "ಬರ್ಕೊಂಡ್ಯಾಮ್ಮ?" ಎಂದು ಕೇಳಿ, ಅವಳು ಮತ್ತೆ ಟೈಪು ಮಾಡುವವರೆಗೆ ಕಾದು, ಪುಟ ತಿರುಗಿಸಿದರು. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಅಧ್ಯಕ್ಷರು ಕೈಯೆತ್ತಿದರು.

"ಅಮ್ಮಾ, ದಯವಿಟ್ಟು. ಸಭೆಯಲ್ಲಿ ಹೆಣ್ಣುಮಕ್ಕಳು ಇದ್ದಾರೆ."

"ನಾನೂ ಹೆಣ್ಣೇ ಅಲ್ವೇನಪ್ಪ? ನನಗೂ ಯಾರೂ ಮುಂಚೆ ಹೇಳ್ಲಿಲ್ಲ, 'ಅಜ್ಜಿ, ಈಗ ಹೊಲಸು ಬರುತ್ತೆ, ಫೋನ್ ಇಡಿ' ಅಂತ." ಅವರ ದನಿ ಆಗಲೂ ಏರಲಿಲ್ಲ. "ಇನ್ನೂರ ಹದಿನಾರು ಇದೆ. ನಾನು ಅಷ್ಟೂ ಕೇಳಿದ್ದೀನಿ. ನೀವು ನಾಲ್ಕಕ್ಕೇ ಸಾಕು ಅಂತೀರಿ."

ಅಧ್ಯಕ್ಷರ ಕೈ ಮೆಲ್ಲಗೆ ಇಳಿಯಿತು. ಅತ್ತೆ ಇಪ್ಪತ್ತಮೂರು ಪುಟ ಓದಿದರು. ಗಂಟಲು ಒಣಗಿ ನಿಂತಾಗ ಸೊಸೆ ನೋಟ್‌ಬುಕ್ ತೆಗೆದುಕೊಂಡು ತಾನೇ ಓದಿದಳು. ಅಷ್ಟೂ ದಿನ ಅದನ್ನು ಬಿಚ್ಚಿ ಓದಲು ಅತ್ತೆ ಅವಳನ್ನು ಬಿಟ್ಟಿರಲಿಲ್ಲ. ತನ್ನ ಬಗ್ಗೆ ಊರು ಏನೆಂದಿತು ಎಂಬುದನ್ನು ಪೂರ್ತಿಯಾಗಿ ಅವಳು ನೋಡಿದ್ದು ಆಗಲೇ, ಎಲ್ಲರೆದುರು, ತನ್ನದೇ ಬಾಯಲ್ಲಿ. ಐದು ಪುಟ ಓದಿದಳು. ಆರನೆಯದಕ್ಕೆ ಬಾಯಿ ಕಹಿಯಾಗಿ ಹೊರಗೆ ಓಡಿ, ಕಾರಿಡಾರಿನ ಬೇಸಿನ್ನಿನಲ್ಲಿ ವಾಂತಿ ಮಾಡಿಕೊಂಡಳು. ವಕೀಲೆ ಹಿಂದೆಯೇ ಹೋಗಿ ಬೆನ್ನು ಸವರಿದರು. ಒಳಗೆ ಬಿಸ್ಕತ್ತನ್ನು ಯಾರೂ ಮುಟ್ಟಲಿಲ್ಲ.

ಎಂಟು ತಿಂಗಳಿಗೆ ಕಾಯ್ದೆ ತಿದ್ದುಪಡಿಯಾಯಿತು. "ಕರ್ತವ್ಯದಲ್ಲಿರುವ" ಎಂಬುದರ ಮುಂದೆ "ಅಥವಾ ಮಾಡಿದ ಕರ್ತವ್ಯದ ಕಾರಣಕ್ಕೆ, ಯಾವುದೇ ಸಮಯದಲ್ಲಿ" ಎಂದು ಸೇರಿಸಿದರು. "ಅವರ ಮನೆಯವರನ್ನು" ಎಂದೂ ಸೇರಿಸಿದರು. ಮನೆಯ ವಿಳಾಸ, ಫೋನ್ ನಂಬರ್ ಹಂಚುವುದೂ ಅಪರಾಧವಾಯಿತು. ವಕೀಲೆ ಆ ಹಾಳೆಯನ್ನು ಮನೆಗೇ ತಂದು ಓದಿ ಹೇಳಿದರು. ಅತ್ತೆಗೆ ಖುಷಿಯಾಯಿತು, ಎರಡು ಸಲ ಓದಿಸಿದರು.

"ಹಾಗಾದ್ರೆ ಅವರನ್ನೆಲ್ಲ ಈಗ ಹಿಡೀತಾರಾ?" ಎಂದು ಗಂಡ ಕೇಳಿದ.

"ಇಲ್ಲ. ಇನ್ನು ಮುಂದೆ ಮಾಡಿದವರಿಗೆ ಮಾತ್ರ. ಹಿಂದೆ ಆದದ್ದಕ್ಕೆ ಹೊಸ ಕಾನೂನು ಹಾಕೋ ಹಾಗಿಲ್ಲ."

ಮುಚ್ಚಳದ ಮನೆಯವರ ಮೇಲೆ ಸಾಕ್ಷಿ ಸಿಗಲಿಲ್ಲ. ಅಭ್ಯರ್ಥಿ ಪ್ರಶ್ನೆ ಮಾತ್ರ ಕೇಳಿದವನಾಗಿಯೇ ಉಳಿದ. ಹಾಲು ಉಕ್ಕದಂತೆ ನೋಡಿಕೊಂಡ ಹೆಂಗಸು ಯಾರೆಂದು ಕೊನೆಗೂ ತಿಳಿಯಲಿಲ್ಲ. ಬಹುಶಃ ಒಂಬತ್ತು ಬೀದಿಗಳಲ್ಲೇ ಎಲ್ಲೋ ಇದ್ದಾಳೆ, ಅವಳ ಮನೆಯ ಮೀಟರನ್ನೂ ಇವಳೇ ಓದುತ್ತಾಳೆ.

ಮುಂದಿನ ಚುನಾವಣೆಗೆ ಎಣಿಕೆಯ ಕಾಗದ ಬಂತು. ಮೀಟರಮ್ಮ ಒಲ್ಲೆನೆಂದು ಬರೆದು ಕಳಿಸಿದಳು. ಚುನಾವಣಾಧಿಕಾರಿ ತಾವೇ ಫೋನು ಮಾಡಿದರು. "ಈಗ ಕಾನೂನು ಗಟ್ಟಿಯಾಗಿದೆಯಲ್ಲಮ್ಮ, ಇನ್ನೇನು ಹೆದರಿಕೆ?"

"ಹೆದರಿಕೆ ಹೋಯ್ತು ಸರ್. ಹೇಸಿಗೆ ಹೋಗಿಲ್ಲ. ಅದಕ್ಕೆ ಸೆಕ್ಷನ್ ಇಲ್ವಲ್ಲ."

"ನಾನಾಗಿದ್ರೆ ಹೋಗ್ತಿದ್ದೆ," ಎಂದರು ಅತ್ತೆ, ಅವಳು ಫೋನಿಟ್ಟ ಮೇಲೆ.

"ನೀವೇ ಹೋಗಿ ಅತ್ತೆ. ಏಳನೇ ಮೇಜು ಖಾಲಿ ಇದೆ."

"ಕಣ್ಣು ಕಾಣಲ್ಲ. ಇಲ್ದಿದ್ರೆ ಹೋಗಿರ್ತಿದ್ದೆ," ಎಂದು ಅತ್ತೆ ಮುಖ ಊದಿಸಿಕೊಂಡರು. ಅಂದು ಸಂಜೆಯವರೆಗೂ ಸರಿಯಾಗಿ ಮಾತಾಡಲಿಲ್ಲ.

ಮತದಾನದ ದಿನ ಇಬ್ಬರೂ ಮತ ಹಾಕಲು ಹೋದರು. ಶಾಲೆಯ ಅಂಗಳದಲ್ಲಿ ಸಾಲು ಗೇಟಿನವರೆಗೂ ಬೆಳೆದಿತ್ತು. ಮುಕ್ಕಾಲು ಗಂಟೆ ನಿಂತು ಮೆಟ್ಟಿಲ ಹತ್ತಿರ ಬಂದಾಗ, ಮುಂದೆ ನಿಂತವನು ತಿರುಗಿದ. ಬಿಳಿ ಅಂಗಿ, ಜೇಬಲ್ಲಿ ಪೆನ್ನು.

"ಓ, ಮೇಡಂ! ಅಜ್ಜೀನೂ ಬಂದಿದ್ದಾರಾ? ಬನ್ನಿ ಬನ್ನಿ, ನನ್ನ ಮುಂದೆ ಬನ್ನಿ. ವಯಸ್ಸಾದವರು ನಿಲ್ಲಬಾರದು. ಸಾಲಿನವರು ಯಾರೂ ಏನೂ ಅನ್ನಲ್ಲ, ಸರೀನಾ?" ಎಂದು ಸುತ್ತಲಿನವರ ಕಡೆ ನೋಡಿ ನಕ್ಕ. ಸುತ್ತಲಿನವರು ಒಳ್ಳೆಯ ಮನುಷ್ಯ ಎಂಬಂತೆ ತಲೆದೂಗಿ ಜಾಗ ಬಿಟ್ಟರು.

ಮೀಟರಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ತುಟಿ ಬಿಗಿದುಕೊಂಡಿದ್ದರು. ಇಬ್ಬರೂ ಸಾಲಿನಿಂದ ಹೊರಗೆ ಬಂದರು. ಅಂಗಳ ದಾಟಿ, ಗೇಟಿನ ತನಕ ನಡೆದು, ಎಲ್ಲರಿಗಿಂತ ಕೊನೆಯಲ್ಲಿ ಮತ್ತೆ ನಿಂತರು. ಬಿಸಿಲು ನೆತ್ತಿಗೇರಿತ್ತು. ಅತ್ತೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ, ಸೊಸೆಯ ಹೆಗಲಿಗೆ ಒರಗಿದರು.

"ಕಾಲು ನೋಯ್ತಿದೆಯಾ ಅತ್ತೆ? ವಾಪಸ್ ಹೋಗೋಣ್ವಾ?"

"ಸುಮ್ನೆ ನಿಂತ್ಕೋ," ಎಂದರು ಅತ್ತೆ.

ಅವರ ಸರದಿ ಬರಲು ಇನ್ನೂ ಒಂದು ಗಂಟೆ ಹಿಡಿಯಿತು. ಮೇಜಿನ ಹಿಂದೆ ಹೊಸದಾಗಿ ಕೆಲಸಕ್ಕೆ ಬಂದ ಯುವತಿಯೊಬ್ಬಳು ಪಟ್ಟಿಯಲ್ಲಿ ಹೆಸರು ಹುಡುಕಿ, ಗೆರೆ ಎಳೆದು, ತಲೆಯೆತ್ತಿದಳು. ಮುಖ ನೋಡಿದವಳು ಪೆನ್ನು ಹಿಡಿದ ಹಾಗೆಯೇ ಒಂದು ಕ್ಷಣ ತಡೆದಳು.

"ನೀವು... ಆ ವಿಡಿಯೋದವರು ಅಲ್ವಾ?"

"ಹೌದು," ಎಂದಳು ಮೀಟರಮ್ಮ. "ಸಹಿ ಎಲ್ಲಿ ಮಾಡ್ಬೇಕು?"